ಡಿಡಿ ಫ್ರೀ ಡಿಶ್: ತಿಂಗಳ ರೀಚಾರ್ಜ್ ಇಲ್ಲದ ಟಿವಿ ಕನ್ನಡದ ಮನೆಗೆ ಎಷ್ಟು ಒದಗುತ್ತದೆ?

ಒಮ್ಮೆ ಸುಮಾರು 2000 ರೂಪಾಯಿ ಖರ್ಚು ಮಾಡಿ ತಾರಸಿ ಮೇಲೆ ಡಿಶ್ ಕೂರಿಸಿದರೆ ಮುಗಿಯಿತು, ಆಮೇಲೆ ಯಾರಿಗೂ ಒಂದು ಪೈಸೆ ಕಟ್ಟಬೇಕಾಗಿಲ್ಲ. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಕೊಡುವ ಮಾತು ಇಷ್ಟೇ, ಆ ಮಾತನ್ನು ಅದು ಉಳಿಸಿಕೊಂಡಿದೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಶುರುವಾದ ಸೇವೆ ಇದು. ಇಂದು ದೇಶದಲ್ಲಿ ಅಂದಾಜು ನಾಲ್ಕೂವರೆ ಕೋಟಿಗೂ ಹೆಚ್ಚು ಮನೆಗಳಲ್ಲಿದೆ. ಆದರೆ ಕನ್ನಡ ಮಾತ್ರ ನೋಡುವ ಮನೆಯವರು ಕೊಳ್ಳುವ ಮುಂಚೆ ಒಂದು ವಿಷಯ ಸ್ಪಷ್ಟವಾಗಿ ತಿಳಿದಿರಬೇಕು: ಸಂಜೆಯ ಧಾರಾವಾಹಿಗಳಿಗಾಗಿ ಇದನ್ನು ಕೊಂಡರೆ ನಿರಾಸೆ ಖಚಿತ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಟಿವಿ ಎಲ್ಲವೂ ಹಣ ಕೊಟ್ಟು ನೋಡುವ ವಾಹಿನಿಗಳು. ಇವು ಫ್ರೀ ಡಿಶ್‌ನಲ್ಲಿ ಇಲ್ಲ.

ಹೀಗೇಕೆ ಎಂಬುದು ನಮ್ಮಲ್ಲಿ ಟಿವಿ ಬೆಳೆದ ರೀತಿಯಲ್ಲೇ ಇದೆ. ಭಾರತದಲ್ಲಿ ಟಿವಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗವಾಗಿ ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹಲವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅದಕ್ಕೂ ಆರು ವರ್ಷ ಮೊದಲೇ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ನೇರವಾಗಿ ಉಪಗ್ರಹದಿಂದ ಟಿವಿ ನೋಡಿದ್ದವು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಸೈಟ್ ಎಂಬ ಉಪಗ್ರಹ ಶಿಕ್ಷಣ ಟಿವಿ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಮಕ್ಕಳ ಪಾಠ ತಲುಪಿಸಿತು. ಅಂದಿನ ಡಿಶ್ ಮೂರು ಮೀಟರ್ ಅಗಲದ್ದು, ಕೋಳಿ ಗೂಡಿಗೆ ಬಳಸುವ ತಂತಿ ಬಲೆಯಿಂದ ಹೆಣೆದದ್ದು. ಆ ಸಿಗ್ನಲ್ 860 ಮೆಗಾಹರ್ಟ್ಸ್‌ನಲ್ಲಿ ಬರುತ್ತಿತ್ತು, ಅಲೆಯ ಉದ್ದ 35 ಸೆಂಟಿಮೀಟರ್, ಹಾಗಾಗಿ ಬಲೆಯ ತೂತುಗಳು ಅಡ್ಡಿಯಾಗಲಿಲ್ಲ. ಇಂದಿನ ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಎಂಬ ತರಂಗಪಟ್ಟಿಯ ಸಿಗ್ನಲ್‌ನ ಅಲೆ ಮೂರು ಸೆಂಟಿಮೀಟರ್‌ಗೂ ಕಡಿಮೆ. ಅದಕ್ಕೇ 60 ಸೆಂಟಿಮೀಟರ್ ತಗಡಿನ ತಟ್ಟೆ ಸಾಕು, ಅದೇ ಕಾರಣಕ್ಕೆ ಆ ತಟ್ಟೆ ಸ್ವಲ್ಪ ನೆಗ್ಗಿದರೂ ಸಿಗ್ನಲ್ ಇಳಿಯುತ್ತದೆ.

ಸಾರ್ವಜನಿಕ ಟಿವಿ ಹೀಗೆ ತಲುಪುವುದನ್ನೇ ಗುರಿಯಾಗಿಟ್ಟುಕೊಂಡು ಬೆಳೆಯಿತು. ಖಾಸಗಿ ಟಿವಿ ಬೆಳೆದದ್ದು ಬೇರೆ ಹಾದಿಯಲ್ಲಿ. 1991ರಲ್ಲಿ ಸ್ಟಾರ್, 1992ರಲ್ಲಿ ಜೀ, ಕನ್ನಡದಲ್ಲಿ 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಗಾಳಿಯ ತರಂಗಗಳು ಸರ್ಕಾರದ ಸ್ವತ್ತಲ್ಲ, ಸಾರ್ವಜನಿಕರದ್ದು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಕೇಬಲ್ ಟಿವಿ ಕಾಯ್ದೆ ಬಂತು, 1997ರಲ್ಲಿ ಪ್ರಸಾರ ಭಾರತಿ ಜಾರಿಗೆ ಬಂತು. ಈ ಖಾಸಗಿ ವಾಹಿನಿಗಳು ಮನೆ ತಲುಪಿದ್ದು ಕೇಬಲ್‌ನವರ ಮೂಲಕ. ಜಾಹೀರಾತಿನ ಜೊತೆಗೆ ಚಂದಾ ಹಣವೂ ಬರುವ ಏರ್ಪಾಡು ಅಲ್ಲಿ ಬೇರೂರಿತು. ಚಂದಾ ಕೊಟ್ಟು ನೋಡುವ ಮನೆಗಳು ಹೆಚ್ಚಿರುವ ದಕ್ಷಿಣದಲ್ಲಿ ಅದೇ ವಾಹಿನಿಯನ್ನು ಉಚಿತವಾಗಿ ಬಿಟ್ಟರೆ ಆ ಹಣ ಕೈಬಿಡುತ್ತದೆ.

ಇನ್ನು ಫ್ರೀ ಡಿಶ್‌ನ ಕಡೆಯಿಂದ ನೋಡಿದರೆ, ಖಾಸಗಿ ವಾಹಿನಿಗಳಿಗೆ ಅಲ್ಲಿ ಜಾಗ ಸಿಗುವುದು ಇ-ಹರಾಜಿನಲ್ಲಿ. ಸಾಮಾನ್ಯವಾಗಿ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ಒಂದು ಸ್ಲಾಟ್. ಕೋಟಿಗಟ್ಟಲೆ ಕೊಟ್ಟು ಸ್ಲಾಟ್ ಹಿಡಿದವರು ಆ ಹಣವನ್ನು ಜಾಹೀರಾತಿನಿಂದಲೇ ದುಡಿಯಬೇಕು. ಹಿಂದಿಗೆ ಹತ್ತು ರಾಜ್ಯಗಳ ನೋಡುಗರಿದ್ದಾರೆ, ಲೆಕ್ಕ ಕೂಡುತ್ತದೆ. ಕನ್ನಡ ವಾಹಿನಿಗೆ ದೇಶವಿಡೀ ಹರಡುವ ಸ್ಲಾಟ್ ಕೊಂಡರೂ ನೋಡುವವರು ಒಂದೇ ರಾಜ್ಯದವರು. ಹಿಂದಿಯ ದೊಡ್ಡ ಸಂಸ್ಥೆಗಳೇ 2019ರಲ್ಲಿ ತಮ್ಮ ಉಚಿತ ವಾಹಿನಿಗಳನ್ನು ಹಿಂತೆಗೆದುಕೊಂಡು, ಮರಳಿ ಬಂದು, 2022ರ ಏಪ್ರಿಲ್‌ನಲ್ಲಿ ಮತ್ತೆ ಹೊರನಡೆದದ್ದುಂಟು. ಪ್ರಾದೇಶಿಕ ಭಾಷೆಗಳಿಗೆ ಸ್ಲಾಟ್ ದರ ನಿಜಕ್ಕೂ ಹಗುರಾಗದ ಹೊರತು ಕನ್ನಡದ ಪಾಲು ಹೆಚ್ಚುವುದು ಕಷ್ಟ. ಜನರ ಹಣದಲ್ಲಿ ಹಾರಿದ ಉಪಗ್ರಹದಲ್ಲಿ ಕನ್ನಡಕ್ಕೆ ಇದಕ್ಕಿಂತ ಹೆಚ್ಚಿನ ಜಾಗ ಸಿಗಬೇಕು, ಈ ಸೇವೆಯ ದೊಡ್ಡ ಕೊರತೆ ಇದೇ.

ಹಾಗಾದರೆ ಸಿಗುವುದೇನು? ಮೊದಲನೆಯದು ಡಿಡಿ ಚಂದನ. ಹಳೆಯ ಕನ್ನಡ ಚಿತ್ರಗಳು, ಶಾಸ್ತ್ರೀಯ ಸಂಗೀತ, ರೈತರಿಗೆ ಕೃಷಿ ಕಾರ್ಯಕ್ರಮ, ಕಿರುಚಾಟವಿಲ್ಲದ ವಾರ್ತೆ, 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ, ಗೆದ್ದವರಿಗೆ ಪುಸ್ತಕವನ್ನೇ ಬಹುಮಾನ ಕೊಡುವ 'ಥಟ್ ಅಂತ ಹೇಳಿ'. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಹೈಸ್ಕೂಲು ಮಕ್ಕಳಿಗೆ ಸಂವೇದ ಪಾಠಗಳು ಬಂದದ್ದು ಇದೇ ವಾಹಿನಿಯಲ್ಲಿ. ಮೊಬೈಲ್ ಡೇಟಾ ಇಲ್ಲದ ಮನೆಗಳಿಗೆ ಅದೊಂದೇ ತರಗತಿಯಾಗಿತ್ತು. ಅದರಾಚೆ ಡಿಡಿ ನ್ಯೂಸ್, ಸಂಸದ್ ಟಿವಿ, ಡಿಡಿ ಭಾರತಿ, ಹಿಂದಿಯ ಸಿನಿಮಾ ಮತ್ತು ಸುದ್ದಿ ವಾಹಿನಿಗಳು, ಆಕಾಶವಾಣಿಯ ಹತ್ತಾರು ಕೇಂದ್ರಗಳು. ಡಿಶ್‌ನ ಜೊತೆ ಕೊಳ್ಳುವ ಸೆಟ್‌ಟಾಪ್ ಬಾಕ್ಸ್ ಮೇಲೆ ನೂರಾರು ವಾಹಿನಿ ಎಂದು ಬರೆದಿದ್ದರೆ ಅದರಲ್ಲಿ ಬಹುಪಾಲು ಸ್ವಯಂಪ್ರಭಾ, ಪಿಎಂ ಇ-ವಿದ್ಯಾದಂಥ ಶೈಕ್ಷಣಿಕ ವಾಹಿನಿಗಳು ಎಂಬುದು ತಿಳಿದಿರಲಿ. ಪಿಯುಸಿ, ಎಂಜಿನಿಯರಿಂಗ್ ಓದುವವರಿರುವ ಮನೆಗೆ ಅವು ಬಹಳ ಉಪಯುಕ್ತ. ಉಳಿದವರಿಗೆ ಆ ಸಂಖ್ಯೆ ಲೆಕ್ಕಕ್ಕಿಲ್ಲ.

ಕ್ರಿಕೆಟ್ ವಿಷಯ ಬಿಡಿಸಿ ಹೇಳಬೇಕು, ಅಂಗಡಿಯವರೂ ಇದನ್ನು ತಪ್ಪು ಹೇಳುತ್ತಾರೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು ಎಂದು 2007ರ ಕಾಯ್ದೆ ಹೇಳುತ್ತದೆ. ಆದರೆ ಆ ಹಂಚಿಕೆಯ ಸಿಗ್ನಲ್ ದೂರದರ್ಶನದ ಭೂಪ್ರಸಾರ (ನೆಲದ ಟವರ್‌ಗಳಿಂದ ಆಂಟೆನಾಗೆ ಬರುವುದು) ಮತ್ತು ಅದರ ಸ್ವಂತ ಡಿಟಿಎಚ್‌ಗೆ ಮಾತ್ರ, ಕೇಬಲ್ ಮತ್ತು ಖಾಸಗಿ ಡಿಟಿಎಚ್‌ಗೆ ಅಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಹಾಗಾಗಿ ಭಾರತ ತಂಡದ ಪಂದ್ಯ ಫ್ರೀ ಡಿಶ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುತ್ತಿರುವಾಗಲೇ ಕೇಬಲ್‌ನ ಡಿಡಿ ವಾಹಿನಿಯಲ್ಲಿ ಬೇರೇನೋ ಓಡುತ್ತಿರುತ್ತದೆ. ಐಪಿಎಲ್ ಈ ಪಟ್ಟಿಗೆ ಸೇರಿಲ್ಲ.

ಚಿತ್ರದ ಗುಣಮಟ್ಟ ಮಧ್ಯಮ. ಹೆಚ್ಚಿನ ಖಾಸಗಿ ವಾಹಿನಿಗಳು ಇನ್ನೂ ಚಿತ್ರವನ್ನು ಕುಗ್ಗಿಸಿ ಕಳಿಸುವ ಹಳೆಯ ಎಂಪೆಗ್-2 ವಿಧಾನದಲ್ಲೇ ಬರುತ್ತವೆ, ಹಳೆಯ ಬಾಕ್ಸ್‌ಗಳಿಗೂ ಅವು ಸಿಗಲಿ ಎಂಬುದು ಉದ್ದೇಶ. ಉಪಗ್ರಹದಲ್ಲಿ ಸಿಗ್ನಲ್ ಮರಳಿ ಕಳಿಸುವ ಒಂದು ಘಟಕ, ಅಂದರೆ ಟ್ರಾನ್ಸ್‌ಪಾಂಡರ್, ಸೆಕೆಂಡಿಗೆ ಸುಮಾರು 40 ಮೆಗಾಬಿಟ್ ಹೊರುತ್ತದೆ. ಅದರೊಳಗೆ ಇಪ್ಪತ್ತು ವಾಹಿನಿ ತುಂಬಿದರೆ ತಲಾ ಎರಡೇ ಮೆಗಾಬಿಟ್. 24 ಇಂಚಿನ ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. 43 ಇಂಚಿನ ಪರದೆಯಲ್ಲಿ ವೇಗವಾಗಿ ಓಡುವ ಚೆಂಡಿನ ಸುತ್ತ ಚೌಕಗಳು ಎದ್ದು ಕಾಣುತ್ತವೆ, ಅದು ಟಿವಿಯ ದೋಷವಲ್ಲ. ಹೊಸ ವಿಧಾನದ ಎಂಪೆಗ್-4 ಬಾಕ್ಸ್ ಕೊಂಡರೆ ದೂರದರ್ಶನದ ಎಚ್‌ಡಿ ವಾಹಿನಿಗಳೂ ಶೈಕ್ಷಣಿಕ ವಾಹಿನಿಗಳೂ ತೆರೆದುಕೊಳ್ಳುತ್ತವೆ. ಇಂದಿನ ದಿನ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ನಿಮ್ಮ ಟಿವಿಯ ಹಿಂಬದಿಯಲ್ಲಿ ಡಿವಿಬಿ-ಎಸ್2 ಅಥವಾ ಸ್ಯಾಟಲೈಟ್ ಇನ್ ಎಂಬ ತಿರುಪಿನ ಕಿಂಡಿ ಇದ್ದರೆ ಬಾಕ್ಸೇ ಬೇಡ, ಡಿಶ್‌ನ ಕೇಬಲ್ ನೇರ ಅಲ್ಲಿಗೆ ಹಾಕಬಹುದು. ಒಂದು ರಿಮೋಟ್, ಒಂದು ಅಡಾಪ್ಟರ್ ಉಳಿಯಿತು. ಮಾಳಿಗೆ ಮೇಲೆ ಹಳೆಯ ಕಡ್ಡಿ ಆಂಟೆನಾ ಇದೆಯಲ್ಲ ಎನ್ನುವವರಿಗೆ: ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು, ಆಯಕಟ್ಟಿನ ಕೆಲವು ಜಾಗಗಳ ಹೊರತು, ಮುಚ್ಚಿಬಿಟ್ಟಿದೆ. ಹಳೆಯ ಅನಲಾಗ್ ಪ್ರಸಾರ ಅದರಲ್ಲಿ ಇನ್ನು ಬಾರದು.

ಈಗ ಕೂರಿಸುವ ಕೆಲಸ. ಫ್ರೀ ಡಿಶ್‌ಗೆ ಮನೆಗೆ ಬಂದು ರಿಪೇರಿ ಮಾಡುವ ಕಂಪನಿ ಸಿಬ್ಬಂದಿ ಇರುವುದಿಲ್ಲ. ಮಾರಿದ ಅಂಗಡಿಯವರೇ ಗತಿ, ಇಲ್ಲವಾದರೆ ನೀವೇ. ಆದ್ದರಿಂದ ಇದನ್ನು ಕಲಿತಿರುವುದು ಲಾಭ.

ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಕರ್ನಾಟಕದಿಂದ ನೋಡಿದರೆ ಅದು ಆಗ್ನೇಯ ದಿಕ್ಕು, ಸಾಕಷ್ಟು ಎತ್ತರದಲ್ಲಿ. ಬೆಂಗಳೂರಿನಲ್ಲಿ ಉತ್ತರದಿಂದ 128 ಡಿಗ್ರಿ ತಿರುಗಿ 66 ಡಿಗ್ರಿ ಮೇಲೆ. ಮಂಗಳೂರಿನಲ್ಲಿ 123-124, ಎತ್ತರ 63-64. ಬೆಳಗಾವಿಯಲ್ಲಿ 128, ಎತ್ತರ 61. ಕಲಬುರಗಿಯಲ್ಲಿ 135, ಎತ್ತರ 62. ಫೋನ್‌ನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಕಂಬದಿಂದ ಎರಡು ಮೀಟರ್ ದೂರ ನಿಂತು ನೋಡಿ, ಪಕ್ಕದಲ್ಲೇ ಹಿಡಿದರೆ ಮುಳ್ಳು ಸುಳ್ಳು ಹೇಳುತ್ತದೆ. ಎತ್ತರದ ವಿಷಯದಲ್ಲಿ ಹೊಸಬರೆಲ್ಲ ಎಡವುವುದು ಒಂದೇ ಕಡೆ. ಈ ಡಿಶ್‌ಗಳು ಆಫ್‌ಸೆಟ್ ಬಗೆಯವು. ತಟ್ಟೆಯ ಮುಖ ನೋಡುವ ದಿಕ್ಕಿಗಿಂತ ಸುಮಾರು 24 ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತವೆ. ಹಾಗಾಗಿ ಬೆಂಗಳೂರಿನಲ್ಲಿ ತಟ್ಟೆ ನೆಟ್ಟಗೆ ನಿಂತ ಸ್ಥಿತಿಯಿಂದ ಹಿಂದಕ್ಕೆ ವಾಲಬೇಕಾದದ್ದು 66 ಡಿಗ್ರಿಯಲ್ಲ, 42ರ ಆಸುಪಾಸು. ತಟ್ಟೆಯ ಮೇಲಂಚಿನಿಂದ ಕೆಳಂಚಿಗೆ ಒಂದು ನೇರ ಪಟ್ಟಿ ಇಟ್ಟು ಅದರ ಮೇಲೆ ಫೋನ್ ಇಟ್ಟು ಕೋನ ಅಳೆಯಿರಿ.

ಇಷ್ಟೆಲ್ಲಕ್ಕೂ ಮೊದಲು ಕಂಬ. ಅದು ನೆಟ್ಟಗಿರದಿದ್ದರೆ ಯಾವ ಲೆಕ್ಕವೂ ಕೂಡುವುದಿಲ್ಲ, ಗಾರೆಯವರ ತೂಕದ ಗುಂಡು ಇಳಿಬಿಟ್ಟು ಎರಡು ಬದಿಯಿಂದ ನೋಡಿ. ಎಲ್ಲ ಬಿಗಿದ ಮೇಲೆ ತಟ್ಟೆಯ ಅಂಚನ್ನು ಬೆರಳಿಂದ ಮೆಲ್ಲಗೆ ತಳ್ಳಿ. ಟಿವಿಯ ಸೆಟಿಂಗ್ ಪರದೆಯಲ್ಲಿ ಕ್ವಾಲಿಟಿ ಎಂಬ ಪಟ್ಟಿ ಇಳಿದು, ಬಿಟ್ಟಾಗ ಮತ್ತೆ ಮೊದಲಿನಷ್ಟಕ್ಕೇ ಬಂದರೆ ದಿಕ್ಕು ಸರಿ. ಯಾವುದೋ ಒಂದು ಕಡೆ ತಳ್ಳಿದಾಗ ಕ್ವಾಲಿಟಿ ಏರಿದರೆ ಇನ್ನೂ ಆ ಕಡೆಗೆ ಹೋಗಬೇಕು ಎಂದರ್ಥ. ಬಿಟ್ಟ ಮೇಲೆ ಮೊದಲಿನಷ್ಟಕ್ಕೆ ಬರದಿದ್ದರೆ ಬೋಲ್ಟ್ ಸಡಿಲ.

ಮರದ ಚಿಂತೆ ಮಲೆನಾಡಿನವರಿಗೆ, ಕರಾವಳಿಯವರಿಗೆ. ಉಪಗ್ರಹ ಎತ್ತರದಲ್ಲಿರುವುದು ಇಲ್ಲಿ ವರವೇ. ಡಿಶ್‌ಗಿಂತ 15 ಮೀಟರ್ ಎತ್ತರದ ಅಡಕೆ ಮರ ಆಗ್ನೇಯಕ್ಕಿದ್ದರೆ, ಮಂಗಳೂರಿನ ಕೋನದಲ್ಲಿ ಏಳೂವರೆ ಮೀಟರ್ ದೂರವಿದ್ದರೂ ತುದಿ ಅಡ್ಡ ಬರುವುದಿಲ್ಲ. ಸೋಗೆಯ ಹರವಿಗೆ ಇನ್ನೆರಡು ಮೀಟರ್ ಸೇರಿಸಿಕೊಳ್ಳಿ.

ಬಾಕ್ಸ್‌ನ ಸೆಟಿಂಗ್ ಹೀಗೆ. ಉಪಗ್ರಹದ ಪಟ್ಟಿಯಲ್ಲಿ ಜಿಸ್ಯಾಟ್-15, ಹಳೆಯ ಬಾಕ್ಸ್‌ಗಳಲ್ಲಿ ಇನ್ಸ್ಯಾಟ್-4ಬಿ 93.5 ಎಂದೂ ಇರುತ್ತದೆ. ಎಲ್‌ಎನ್‌ಬಿ (ತಟ್ಟೆಯ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಯೂನಿವರ್ಸಲ್, 9750/10600. ಡೈಸೆಕ್ ಆಫ್. ಟ್ರಾನ್ಸ್‌ಪಾಂಡರ್ 11090, ವರ್ಟಿಕಲ್, ಸಿಂಬಲ್ ರೇಟ್ 29500. ಇದರಲ್ಲಿ ಕ್ವಾಲಿಟಿ ಬಂದ ಮೇಲೆ 11470ನ್ನೂ ನೋಡಿ, ಅದು ಎಂಪೆಗ್-4 ಕಡೆಯದು. ಪರದೆಯಲ್ಲಿ ಎರಡು ಪಟ್ಟಿ ಇರುತ್ತವೆ. ಸ್ಟ್ರೆಂತ್ ಎಂಬುದು ಕೇಬಲ್‌ನಲ್ಲಿ ಏನೋ ಹರಿಯುತ್ತಿದೆ ಎಂದಷ್ಟೇ ಹೇಳುತ್ತದೆ, ಡಿಶ್ ಗೋಡೆ ನೋಡುತ್ತಿದ್ದರೂ ಅದು ತುಂಬಿರಬಹುದು. ನಂಬಬೇಕಾದದ್ದು ಕ್ವಾಲಿಟಿಯನ್ನು ಮಾತ್ರ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾದರೆ ಎರಡು ಕಾರಣ: ದಿಕ್ಕು ತಪ್ಪಿದೆ, ಇಲ್ಲವೇ ಎಲ್‌ಎನ್‌ಬಿ ತನ್ನ ಹಿಡಿಕೆಯಲ್ಲಿ ತಿರುಗಿದೆ. ನಮ್ಮ ಅಕ್ಷಾಂಶದಲ್ಲಿ ಈ ತಿರುವು ಸಣ್ಣದಲ್ಲ. ನೆಟ್ಟಗೆ ಕೂರಿಸಿ ಸುಮ್ಮನಾಗದೆ ಎರಡೂ ಕಡೆಗೆ ಗಡಿಯಾರದ ಒಂದೊಂದು ಗಂಟೆಯಷ್ಟು ತಿರುಗಿಸುತ್ತ, ಪ್ರತಿ ಸಲ ಐದು ಸೆಕೆಂಡ್ ಕಾದು ಕ್ವಾಲಿಟಿ ಎಲ್ಲಿ ಹೆಚ್ಚೋ ಅಲ್ಲಿ ಬಿಗಿಯಿರಿ. ಬಾಕ್ಸ್ ಲೆಕ್ಕ ಹಾಕಿ ತೋರಿಸಲು ಅಷ್ಟು ಹೊತ್ತು ಹಿಡಿಯುತ್ತದೆ. ಅವಸರದಲ್ಲಿ ದಾಟಿ ಹೋಗುವವರೇ ಹೆಚ್ಚು.

ಮನೆಯಲ್ಲಿ ಹಳೆಯ ಡಿಶ್ ಟಿವಿ ತಟ್ಟೆ ಇದ್ದವರಿಗೆ ಒಂದು ಎಚ್ಚರ. ಅದರ ಉಪಗ್ರಹ 95 ಡಿಗ್ರಿಯಲ್ಲಿದೆ, ಫ್ರೀ ಡಿಶ್‌ನಿಂದ ಕೇವಲ ಒಂದೂವರೆ ಡಿಗ್ರಿ ಆಚೆ. 60 ಸೆಂಟಿಮೀಟರ್ ತಟ್ಟೆಯ ನೋಟ ಸುಮಾರು ಮೂರು ಡಿಗ್ರಿ ಅಗಲ. ಆದ್ದರಿಂದ ತಟ್ಟೆ ಮುಟ್ಟದೆ ಬಾಕ್ಸ್ ಮಾತ್ರ ಬದಲಿಸಿದರೂ ಚಿತ್ರ ಬಂದುಬಿಡಬಹುದು, ಅರ್ಧದಷ್ಟು ಶಕ್ತಿಯಲ್ಲಿ. ಬೇಸಿಗೆಯಲ್ಲಿ ಎಲ್ಲ ಸರಿಯಿರುತ್ತದೆ. ಮುಂಗಾರಿನ ಮೊದಲ ಮೋಡಕ್ಕೇ ಪರದೆ ಕಪ್ಪಾಗುತ್ತದೆ, ಜನ ಬಾಕ್ಸನ್ನು ಬೈಯುತ್ತಾರೆ. ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದರೆ ಮುಗಿಯುವ ಕೆಲಸ ಅದು.

ಮಳೆಗೆ ಸಿಗ್ನಲ್ ಹೋಗುವುದು ಕೆಯು ಬ್ಯಾಂಡಿನ ಸ್ವಭಾವ, ಪೂರಾ ತಪ್ಪಿಸಲಾಗದು. ಆಗುಂಬೆ, ಕೊಡಗು, ಕರಾವಳಿಯಂಥ ಕಡೆ ಮೊದಲೇ 90 ಸೆಂಟಿಮೀಟರ್ ತಟ್ಟೆ ಹಾಕಿ. 60ಕ್ಕಿಂತ ಅದು ಮೂರೂವರೆ ಡೆಸಿಬಲ್ ಹೆಚ್ಚು ಹಿಡಿಯುತ್ತದೆ, ಅಂದರೆ ಎರಡು ಪಟ್ಟಿಗೂ ಮಿಗಿಲು. ಜಡಿಮಳೆಗೆ ಹೋದರೂ ಬೇಗ ಮರಳುತ್ತದೆ. ಮಳೆಯಿಲ್ಲದ ಶುಭ್ರ ದಿನದಲ್ಲೂ ಬೆಳಗ್ಗೆ ಸುಮಾರು 11 ಗಂಟೆಗೆ ಕೆಲವು ನಿಮಿಷ ಚಿತ್ರ ನಿಂತರೆ, ಅದೂ ಮಾರ್ಚ್ ಮಧ್ಯದಲ್ಲಿ ಅಥವಾ ಸೆಪ್ಟೆಂಬರ್ ಕೊನೆಯಲ್ಲಾದರೆ, ಏನೂ ಮುಟ್ಟಬೇಡಿ. ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ. ನಾಲ್ಕೈದು ದಿನದಲ್ಲಿ ತಾನೇ ಸರಿಹೋಗುತ್ತದೆ.

ನಿಜವಾಗಿ ಕೆಡುವುದು ಬಹುಪಾಲು ಕೇಬಲ್‌ನ ತುದಿಗಳಲ್ಲಿ. ಆರ್‌ಜಿ-6 ಕೇಬಲ್ ಹಾಕಿ, 30 ಮೀಟರ್ ಒಳಗಿರಲಿ. ಕೇಬಲ್ ತುದಿಗೆ ಹಾಕುವ ತಿರುಪಿನ ಎಫ್ ಕನೆಕ್ಟರ್‌ನಿಂದ ನಡುವಿನ ತಂತಿ ಎರಡು-ಮೂರು ಮಿಲಿಮೀಟರ್ ಹೊರಗಿರಬೇಕು. ಸುತ್ತಲಿನ ಜಾಲರಿಯ ಒಂದೇ ಒಂದು ಎಳೆ ಆ ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗಿ ಬಾಕ್ಸ್ ಎಲ್‌ಎನ್‌ಬಿಗೆ ಕರೆಂಟ್ ಕೊಡುವುದನ್ನು ನಿಲ್ಲಿಸುತ್ತದೆ, ಹಲವು ಬಾಕ್ಸ್‌ಗಳಲ್ಲಿ ಎಲ್‌ಎನ್‌ಬಿ ಶಾರ್ಟ್ ಎಂಬ ಬರಹ ಬರುತ್ತದೆ. ಹೊರಗಿನ ಕನೆಕ್ಟರ್‌ಗೆ ಸಾದಾ ಪ್ಲಾಸ್ಟಿಕ್ ಟೇಪ್ ಸಾಲದು, ಬಿಸಿಲಿಗೆ ಅಂಟು ಬಿಟ್ಟು ಒಳಗೆ ನೀರು ಹಿಡಿದಿಡುತ್ತದೆ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಎಲ್‌ಎನ್‌ಬಿ ಕೆಳಗೆ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಳುಕಿಸಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರ್ ಬಿಚ್ಚಿದಾಗ ಒಳಗಿನ ತಂತಿ ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಒಂದು ಅಡಿ ಕೇಬಲ್ ಕತ್ತರಿಸಿ ಹೊಸ ತುದಿ ಮಾಡಿ. ಆಮೇಲೆ ಕೈಕೊಡುವುದು 12 ವೋಲ್ಟ್ ಅಡಾಪ್ಟರ್. ಬಾಕ್ಸ್ ಆನ್ ಆಗಿ ಆಗಿ ಆರುತ್ತಿದ್ದರೆ ಮೊದಲು ಅದನ್ನೇ ಬದಲಿಸಿ ನೋಡಿ. ಸಿಡಿಲಿನ ಕಾಲದಲ್ಲಿ ಕರೆಂಟ್ ಸ್ವಿಚ್ ಆರಿಸಿದರೆ ಸಾಲದು, ಡಿಶ್‌ನ ಕೇಬಲ್ಲನ್ನೂ ಕಳಚಬೇಕು. ಬಾಕ್ಸ್ ಸುಡುವುದು ಆ ದಾರಿಯಿಂದಲೂ ಹೌದು.

ಎರಡು ಟಿವಿಗೆ ಎರಡು ಡಿಶ್ ಬೇಡ. ಮುಖ್ಯ ಟ್ರಾನ್ಸ್‌ಪಾಂಡರ್‌ಗಳು ವರ್ಟಿಕಲ್, ಎಲ್ಲ ಕೆಳ ಬ್ಯಾಂಡಿನವು. ಹಾಗಾಗಿ ಎರಡೂ ಬಾಕ್ಸ್ ಎಲ್‌ಎನ್‌ಬಿಗೆ ಒಂದೇ 13 ವೋಲ್ಟ್ ಕೊಡುತ್ತವೆ, ಜಗಳವಿಲ್ಲ. ಉಪಗ್ರಹಕ್ಕೆ ಹೊಂದುವ, 5ರಿಂದ 2400 ಮೆಗಾಹರ್ಟ್ಸ್ ಎಂದು ಬರೆದ ಸ್ಪ್ಲಿಟರ್ ಸಾಕು. 1000 ಮೆಗಾಹರ್ಟ್ಸ್‌ವರೆಗಿನ ಕೇಬಲ್ ಟಿವಿ ಸ್ಪ್ಲಿಟರ್ ಹಾಕಿದರೆ ಕೆಲಸ ಕೆಡುತ್ತದೆ, 11090ರ ಸಿಗ್ನಲ್ ಎಲ್‌ಎನ್‌ಬಿಯಿಂದ ಕೆಳಗಿಳಿಯುವುದು 1340 ಮೆಗಾಹರ್ಟ್ಸ್‌ನಲ್ಲಿ.

ಹಣದ ಹೋಲಿಕೆ ಹೀಗಿದೆ. ಖಾಸಗಿ ಡಿಟಿಎಚ್ ಅಥವಾ ಕೇಬಲ್‌ನಲ್ಲಿ 19 ರೂಪಾಯಿಯ ನಾಲ್ಕು ಕನ್ನಡ ವಾಹಿನಿ ಬಿಡಿಯಾಗಿ ಕೊಂಡರೆ 76. ಸಂಪರ್ಕ ಶುಲ್ಕಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2019ರಲ್ಲಿ ಜಾರಿ ಮಾಡಿದ 130ರ ಮಿತಿಯನ್ನು 2024ರಲ್ಲಿ ತೆಗೆದಿದೆ, ಲೆಕ್ಕಕ್ಕೆ ಅದನ್ನೇ ಇಟ್ಟುಕೊಂಡರೂ ಒಟ್ಟು 206, ಶೇ 18 ಜಿಎಸ್‌ಟಿ ಸೇರಿ ತಿಂಗಳಿಗೆ 243. ಐದು ವರ್ಷಕ್ಕೆ ಹದಿನಾಲ್ಕೂವರೆ ಸಾವಿರ. ಧಾರಾವಾಹಿ ಬಿಡದ ಮನೆಗೆ ಅದು ಸಲ್ಲುವ ಖರ್ಚೇ. ಆದರೆ ಮಕ್ಕಳ ಓದು, ವಾರ್ತೆ, ಕ್ರಿಕೆಟ್, ಚಂದನ ಸಾಕೆನ್ನುವವರಿಗೆ, ಬಾಡಿಗೆ ಮನೆಯ ವಿದ್ಯಾರ್ಥಿಗಳಿಗೆ, ತೋಟದ ಮನೆಗೆ, ತಿಂಗಳುಗಟ್ಟಲೆ ಬೀಗ ಹಾಕಿರುವ ಊರಿನ ಮನೆಗೆ ಫ್ರೀ ಡಿಶ್ ಸರಿಯಾದ ಆಯ್ಕೆ. ರೀಚಾರ್ಜ್ ಮುಗಿದ ಡಿಟಿಎಚ್ ಇರುವವರು ಅದನ್ನು ಕಿತ್ತೆಸೆಯದೆ ಪಕ್ಕದಲ್ಲೇ ಇದನ್ನೊಂದು ಹಾಕಿಕೊಳ್ಳಬಹುದು.

ಕೊಳ್ಳುವಾಗ ಬಾಕ್ಸ್‌ನಲ್ಲಿ ಎಂಪೆಗ್-4, ಎಚ್‌ಡಿಎಂಐ, ಯುಎಸ್‌ಬಿ ಮೂರೂ ಇವೆಯೇ ನೋಡಿ. ಪೆನ್ ಡ್ರೈವ್ ಸಿಕ್ಕಿಸಿ ಪಾಠಗಳನ್ನು ರೆಕಾರ್ಡ್ ಮಾಡುವ ಸೌಲಭ್ಯ ಹಲವು ಬಾಕ್ಸ್‌ಗಳಲ್ಲಿದೆ, ಪರೀಕ್ಷೆಯ ಕಾಲಕ್ಕೆ ಒದಗುತ್ತದೆ. ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ತಪ್ಪದೆ ಮತ್ತೆ ಸ್ಕ್ಯಾನ್ ಮಾಡಿ. ಹರಾಜಿನ ನಂತರ ವಾಹಿನಿಗಳು ಜಾಗ ಬದಲಿಸಿರುತ್ತವೆ, ಹೊಸ ಕನ್ನಡ ವಾಹಿನಿ ಬಂದಿದ್ದರೂ ಹಳೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಸ್ಕ್ಯಾನ್‌ಗೆ ಮುನ್ನ ಹಳೆಯ ಪಟ್ಟಿಯನ್ನು ಪೂರಾ ಅಳಿಸಿ. ಇಲ್ಲದಿದ್ದರೆ ಸತ್ತ ವಾಹಿನಿಗಳ ಕಪ್ಪು ಪರದೆಗಳ ನಡುವೆ ಹೊಸದು ಹುದುಗಿಹೋಗುತ್ತದೆ. ಮೆನು ಗುಪ್ತಸಂಖ್ಯೆ ಕೇಳಿದರೆ ಹೆಚ್ಚಿನ ಬಾಕ್ಸ್‌ಗಳಲ್ಲಿ ಅದು 0000.